ಐಪಿ

ವಕೀಲರ ಗುಮಾಸ್ತ ಕಾಲಂ ಓದಿದ: ಆಸ್ತಿ.
ಹೊಲಿಗೆ ಮಷೀನು ಜಪ್ತಿಗೆ ಬರಲ್ಲ ಹುಸೇನಪ್ಪ,
ಕಸುಬಿನ ಸಾಮಾನು, ಅಂದ.
ಅದನ್ನು ಮಾರಿ ಬಾಡಿಗೆ ಕಟ್ಟಿದ್ದು ಹೇಳಲಿಲ್ಲ.

ವರಮಾನ?
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿಗೆ ಬೀಗ ಬಿದ್ದು
ಹದಿನಾಲ್ಕು ತಿಂಗಳು. ಉಗುರಿನ ನೀಲಿ ಸಹ ಹೋಯಿತು.
ಹೆಂಡತಿಯ ಖಾತೆಗೆ ಎರಡು ಸಾವಿರ, ಬಂದ ತಿಂಗಳು.
ರೇಷನ್ನಿನ ಅಕ್ಕಿ.
ಅಕ್ಕಿ ಬೇಡ, ಅಂತ ಹೊಡೆದುಹಾಕಿದ.

ಸಾಲ ಕೊಟ್ಟವರು?
ಫೈನಾನ್ಸು, ಸಂಘ, ಚೀಟಿಯ ವಿರೂಪಣ್ಣ,
ಇನ್ನೊಂದು ಫೈನಾನ್ಸು, ಪಕ್ಕದ್ಮನೆ ಮಾಬಮ್ಮ.
ಆರನೆಯ ಹೆಸರಿಗೆ ನಾಲಿಗೆ ತಡೆಯಿತು:
ಶಂಕ್ರಮ್ಮ, ತಂಗಿ, ಸಿರುಗುಪ್ಪ.
ಸೋಪು ಹಚ್ಚಿ ಬಳೆ ಜಾರಿಸಿ ಕೊಟ್ಟವಳು.
ಅವಳನ್ನ ಬಿಡೋಣಾ?
ಬಿಟ್ಟರೆ ಅರ್ಜಿ ಬಿದ್ದುಹೋಗುತ್ತೆ. ಎಲ್ಲರಿಗೂ ನೋಟೀಸು.

ಸಹಿ ಮಾಡಿದೆ.
ಕೋರ್ಟಿನ ಲಕೋಟೆಗಿಂತ ಮೊದಲು ನಾನು ಮುಟ್ಟಬೇಕು.
ಸಿರುಗುಪ್ಪದ ಬಸ್ಸಿಗೆ ಈಗ ಎಷ್ಟು
ಅಂತ ಅವನನ್ನೇ ಕೇಳಿದೆ.