ಎಳಿ

ಅನಗವಾಡಿ ಸೇತುವೆ ಇನ್ನೂ ಇತ್ತ ಇರುವಾಗಲೇ
ಟಂಟಂ ನಿಲ್ಲಿಸಿ ಇಳಿದೆವು ಒಂಬತ್ತು ಜನ.
ಅಪ್ಪ ಮುಂದಿನ ಸೀಟಿನಿಂದ, ಕಾಕಾ ಹಿಂದಿನಿಂದ,
ನಡುವೆ ಮಕ್ಕಳು, ರೊಟ್ಟಿಯ ಗಂಟು, ಚಹಾದ ಕಿಟ್ಲಿ
ಮತ್ತು ಇಬ್ಬರಿಗೂ ಬೇರೆಬೇರೆ ಸುಳ್ಳು ಹೇಳಿ ಕರೆತಂದ
ಖಾಸೀಮಬಿ ಅತ್ತಿ.

ಎರಡು ವರ್ಷವಾಗಿತ್ತು ಅವರು ಮಾತು ಬಿಟ್ಟು.
ಅರಳೆ ಹಿಂಜುವ ಮಷೀನಿನ ಪಾಲು ಅಂತ ಅವ್ವ.
ಅಲ್ಲ, ಗುಳೇದಗುಡ್ಡದ ಮದುವೆಯಲ್ಲಿ
ಯಾರೋ ಯಾರಿಗೋ ತುಂಡಿಲ್ಲದ ಬಿರ್ಯಾನಿ ಬಡಿಸಿದ್ದು ಅಂತ ಚಿಗವ್ವ.
ಬೋರ್ಡಿನ ಮೇಲೆ ಮಾತ್ರ ಈಗಲೂ ಜೋಡಿ:
ಲಾಲಸಾಬ ಬುಡ್ಡೇಸಾಬ ಗಾದಿ ಅಂಗಡಿ, ಬೀಳಗಿ.
ಒಳಗೆ ಗಾದಿಗಳನ್ನೇ ಒಟ್ಟಿ ಗೋಡೆ ಮಾಡಿಕೊಂಡಿದ್ದರು.
ದಿಂಬು ಕೇಳಿದ ಗಿರಾಕಿ ಈ ಕಡೆ, ಗಾದಿ ಕೇಳಿದವ ಆ ಕಡೆ,
ಸುದ್ದಿ ಏನಿದ್ದರೂ ನನ್ನ ಬಾಯಿಂದ.
"ನಿಮ್ಮಪ್ಪಗ ಹೇಳು." "ನಿಮ್ಮ ಕಾಕಾಗ ಹೇಳು."
ಹತ್ತನೇ ವಯಸ್ಸಿಗೇ ನಾನು ಅಂಚೆ ಕಚೇರಿ.

ಹಿನ್ನೀರು ತುಂಬಿತ್ತು ಆ ವರ್ಷ.
ಸತ್ತ ಜಾಲಿಗಿಡಗಳ ತುದಿಯಲ್ಲಿ ನೀರಕಾಗೆಗಳು
ರೆಕ್ಕೆ ಹರವಿ ಕೂತಿದ್ದವು, ಅರಿವೆ ಒಣಹಾಕಿದ ಹಾಗೆ.
ಅತ್ತಿ ಕತ್ತೆತ್ತಿ ಮೋಡ ನೋಡಿದಳು:
"ಹಳೇ ಗಾದಿ ಅರಳಿ. ಇನ್ನೊಂದ್ಸಲ ಹಿಂಜಬೇಕಿತ್ತು."

ಕಣಕಕ್ಕೆ ಇಂಗು ಹಾಕಿ ರಾತ್ರಿಯೇ ನಾದಿದ್ದಳು,
ಜೊತೆಗೆ ಯಾರಿಗೂ ಹೇಳದ ಇನ್ನೊಂದು ಪುಡಿ.
ಜೋಳದ ದಂಟಿನ ಬೆಂಡು, ಭಾರಕ್ಕೆ ಸೈಕಲ್ಲಿನ ನಟ್ಟು.
ದಾವಲನಿಗೆ ಎರೆಹುಳು ಅಂದರೆ ಹೇಸಿಕೆ.
ರೇಶ್ಮಾ ಒಂದೊಂದಕ್ಕೂ ಹೆಸರಿಟ್ಟು, ಆಮೇಲೆ ಚುಚ್ಚುತ್ತಿದ್ದಳು.

"ಇಲ್ಲೆ ಯಾರೂ ಮಾತಾಡಬ್ಯಾಡ್ರಿ. ಮೀನಕ್ಕ ಕಿವಿ ಇರತಾವ."
ಅತ್ತಿಯ ಈ ಹುಕುಂ ಇಬ್ಬರಿಗೂ ಬಲು ಅನುಕೂಲವಾಯಿತು.
ಒಂದೇ ಹಾಸುಗಲ್ಲಿನ ಎರಡು ತುದಿಗೆ
ಬೆನ್ನು ಅರ್ಧ ತಿರುವಿ ಕೂತರು.
ಮೊದಲ ಸಲ ಅವರ ಮೌನ ಸಿಟ್ಟಿನ ಹಾಗೆ ಕಾಣದೆ
ಕೆಲಸದ ಹಾಗೆ ಕಂಡಿತು.

ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು,
ಎರಡೆರಡು ಟ್ರಾಲಿ, ಎದೆ ನಡುಗುವಂಥ ಹಾಡು ಹಚ್ಚಿಕೊಂಡು.
ಬೆಂಡು ಅಲುಗಿದಾಗಲೆಲ್ಲ ಉಸಿರು ಹಿಡಿದೆವು,
ಅಷ್ಟೂ ಸಲ ಅದು ಹಾಡೇ ಆಗಿತ್ತು.

ಹನ್ನೊಂದಾಯಿತು. ಎರಡು ಜಿಲೇಬಿ ಮೀನು, ಅಂಗೈಯಗಲ.
"ಜಿಲೇಬಿ ಅಂದ್ರಿ, ಇದು ಮೀನ ಐತಿ" ಅಂತ ದಾವಲನ ತಕರಾರು.
ಖಡಕ್ ರೊಟ್ಟಿ ಮುರಿದರೆ ಸದ್ದಾದೀತೆಂದು
ಅವ್ವ ಸೆರಗಿನೊಳಗೆ ಮುರಿದು ಕೊಟ್ಟಳು.

ಆಗ ಅಪ್ಪನ ಬೆಂಡು ಇರಲಿಲ್ಲ.
ಅಲುಗಲಿಲ್ಲ, ಕುಣಿಯಲಿಲ್ಲ. ಇತ್ತು, ಇಲ್ಲ.
ಅಪ್ಪ ಗಾಳಿಗೆ ಬೆನ್ನು ಕೊಟ್ಟು ಬೀಡಿಗೆ ಕಡ್ಡಿ ಗೀರುತ್ತಿದ್ದ.
ನೋಡಿದವ ಕಾಕಾ.
ನೋಡಿ, ರೂಢಿಯಂತೆ ನನ್ನ ಕಡೆ ತಿರುಗಿದ,
"ನಿಮ್ಮಪ್ಪಗ ಹೇ" ವರೆಗೆ ತುಟಿ ಬಂದಿತ್ತು.
ನಾನು ದೂರ ಇದ್ದೆ. ಬಾಯಿ ತುಂಬ ರೊಟ್ಟಿ.

"ಯಣ್ಣಾ, ಎಳಿ!"

ನೀರಕಾಗೆಗಳೆಲ್ಲ ಎದ್ದು ಹೋದವು.
"ಸಡ್ಲ ಬಿಡು, ಸಡ್ಲ ಬಿಡು, ಹರೀತೈತಿ."
"ಗೊತ್ತೈತಿ ನನಗ."
"ಏನ ಗೊತ್ತೈತಿ? ಬಲಕ್ಕ ಹೊಳ್ಳಸು, ಜಾಲಿ ಐತಿ ಅಲ್ಲೆ!"
"ಹಂಗಾರ ನೀನ ಇಳಿ ನೀರಿಗೆ!"
ಕಾಕಾ ಇಳಿದೇ ಬಿಟ್ಟ, ಹೊಸ ಪ್ಯಾಂಟಿನ ಸಮೇತ,
ಮೊಣಕಾಲು, ಸೊಂಟ, ಎದೆ;
ಟವೆಲ್ಲು ಹರವಿ ನೀರನ್ನೇ ತೆಕ್ಕೆಗೆ ಬಿದ್ದ.

ರೋಹು. ದಾವಲನಷ್ಟು ಉದ್ದ ಅಂತ ಅಪ್ಪ ಇವತ್ತಿಗೂ.
ಎರಡು ಕೇಜಿ ಮೇಲಿಲ್ಲ ಅಂತ ಕಾಕಾ.
ನಾನು ಕಂಡದ್ದು ಬಾಲ ಮಾತ್ರ.

ದಾರ ಹರಿಯಿತು.

ಗಂಟು ಹಾಕಿದವ ಯಾರು, ಜಗ್ಗಿದವ ಯಾರು,
ಬೀಳಗಿ ಮುಟ್ಟುವವರೆಗೂ ಅದೇ ಜಗಳ.
ಮುಂದಿನ ಸೀಟಿನಲ್ಲಿ ಇಬ್ಬರೂ ಒತ್ತಿ ಕೂತು
ಟಂಟಂನವನಿಗೆ ಹ್ಯಾಂಡಲ್ ಹೊರಳಿಸಲು ಜಾಗವಿಲ್ಲ.
ಕಾಕಾನ ಪ್ಯಾಂಟಿನಿಂದ ಅಪ್ಪನ ಧೋತರಕ್ಕೆ
ನೀರು ಹತ್ತುತ್ತಿತ್ತು.

ಹಿಂದೆ ನಾನು, ತೊಡೆಯ ಮೇಲೆ ಬುಟ್ಟಿ.
ಯಾರೂ ನನ್ನ ಕೈಯಲ್ಲಿ ಏನೂ ಹೇಳಿ ಕಳಿಸಲಿಲ್ಲ.
ಎರಡರಲ್ಲಿ ಒಂದು ಜಿಲೇಬಿಗೆ ಇನ್ನೂ ಜೀವವಿತ್ತು.
ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು,
ಏನೋ ಸುದ್ದಿ ಒಯ್ಯಬೇಕಾಗಿದ್ದು
ಮರೆತುಹೋದವರ ಹಾಗೆ.