ಸೊನ್ನೆಯ ಗುಂಡಿ

ಎರಡು ಅಂಗೈ ಜೋಡಿಸಿದಷ್ಟೇ ಅಗಲ.
ಕೌಲ್‌ಬಜಾರಿನ ಜೀನ್ಸ್ ಯೂನಿಟ್ಟಿನ ಮೂಲೆಯಲ್ಲಿ
ನೀಲಿ ನೂಲಿನ ಧೂಳು ತಿಂದು ತಿಂದು
ಕೆಮ್ಮುತ್ತಿತ್ತು ಅದರ ಫ್ಯಾನು.

ದಸ್ತಗೀರ ಬಿಚ್ಚಿದ. ಹೊಲಿಗೆ ಮಷೀನಿನ ಬ್ರಶ್ಶಿನಲ್ಲೇ
ಒಳಗಿನ ದಾರದುಂಡೆ ಕೆದಕಿ ನನ್ನ ಕೈಗಿಟ್ಟ:
"ಇದ್ರಾಗೆ ಒಂದು ಚಡ್ಡಿ ಹೊಲೀಬೋದು, ಹುಲಿಗೆಕ್ಕಾ."
ಒಂದು ಜಿಬಿ ಕಳಚಿ ಎರಡು ಕೂರಿಸಿದ.
ಗರಗರ ತಿರುಗುವ ಡಿಸ್ಕಿನ ಜಾಗಕ್ಕೆ
ಸದ್ದಿಲ್ಲದ್ದೊಂದು ತಂದ, ಯಾವುದೋ ಗುಜರಿಯಿಂದ.
ಮುರಿದ ಕೀಲಿಗೆ ನಮ್ಮದೇ ಪ್ಯಾಂಟಿನ ತಾಮ್ರದ ರಿವೆಟ್ಟು.
ಉದುರಿಹೋದ ಸೊನ್ನೆಯ ಕೀ ಇದ್ದಲ್ಲಿ
ಹಿತ್ತಾಳೆ ಗುಂಡಿ ಅಂಟಿಸಿದವಳು ನಾನೇ.
ಸೊನ್ನೆ ಇಲ್ಲದೆ ಯಾರ ಕೂಲಿ ಬರೆಯಲಿ?

ಹಿಂದಿನ ಕೋಣೆಯಲ್ಲಿ ಹುಡುಗರು
ಹೊಸ ಪ್ಯಾಂಟಿಗೆ ಉಪ್ಪುಕಾಗದ ಉಜ್ಜಿ
ಮಂಡಿ ಸವೆಸುತ್ತಾರೆ. ಹಳತು ಕಂಡಷ್ಟೂ ರೇಟು.
ಇದನ್ನು ನೋಡಿದರೆ ಮಾತ್ರ ಸೇಟು
"ಎಸಿ ಅತ್ಲಾಗೆ" ಅಂತಾನೆ.

ಕರೆಂಟು ಹೋದರೆ ಇದೂ ಹೋಗುತ್ತದೆ,
ಬ್ಯಾಟರಿ ಸತ್ತು ಮೂರು ವರ್ಷ.
ಗಡಿಯಾರದ ಬಿಲ್ಲೆ ಇನ್ನೂ ಹಾಕಿಸಿಲ್ಲ.
ಬೆಳಗ್ಗೆ ಎಬ್ಬಿಸಿದರೆ ಅದಕ್ಕಿನ್ನೂ
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ನಾನಾಗ ಇಲ್ಲೇ ನೆಲದ ಮೇಲೆ ಕೂತು
ದಾರದ ತುದಿ ಕತ್ತರಿಸುತ್ತಿದ್ದೆ.
ಒಂದೊಂದೇ ವರ್ಷ ಒತ್ತಿ ಒತ್ತಿ
ಇವತ್ತಿಗೆ ಕರೆತರುತ್ತೇನೆ, ದಿನಾ.

ಹೋದ ಶನಿವಾರ ಮರೆತೆ.
ಸುಂಕಮ್ಮನ ಚೀಟಿಯಲ್ಲಿ ನಾನೂರು ಜೇಬಿನ ಕೂಲಿ
ಹದಿನಾರು ವರ್ಷ ಹಿಂದೆ ಬಿದ್ದಿತ್ತು.
ಅವಳು ಚೀಟಿ ದೂರ ಹಿಡಿದು ಓದಿ,
ಹಲ್ಲಲ್ಲಿ ದಾರ ಕಡಿದು ಅಂದಳು:
"ಹಂಗಾದ್ರೆ ಬಡ್ಡಿ ಕೂಡ್ಸು."