ಖಾಲಿ ಬಿಟ್ಟ ಚೌಕ

ಪೇಚ್ ಊರಿನ ಕೈಗವಸಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಮೇಕೆಯ ತೊಗಲು ಕತ್ತರಿಸಿದ
ಎಡಚ ಅಲಯೋಶ್
ಸಂಜೆ ಹೊತ್ತು ಒಂದು ಭಾಷೆ ಹೊಲಿಯುತ್ತಿದ್ದ.
ಯಾವ ದೇಶದ್ದೂ ಅಲ್ಲ. ಆಡುವವರು ಇಬ್ಬರು:
ಅವನು, ಮತ್ತು ಲೆಕ್ಕದ ಕೋಣೆಯಿಂದ ನಾನು,
ಅದೂ ತಪ್ಪುತಪ್ಪಾಗಿ.

ಅದರಲ್ಲಿ ಕಲ್ಲು ಬರೀ ಕಲ್ಲಾಗಿರಬಹುದು,
ಬಾಗಿಲು ಬರೀ ಬಾಗಿಲು.
ಮೈಯ ಮಾತುಗಳಿಗೆ ಆ ಸವಲತ್ತಿಲ್ಲ.
ಲುಮೆ, ನನ್ನ ಕೈ. ಲುಮಾಶ್, ನಿನ್ನದು.
ಲುಮಿತ್, ಆಚೆ ನಿಂತವನದು.
ಬರೀ ‘ಕೈ’ ಅನ್ನಲು ಪದವೇ ಇಲ್ಲ.
“ಯಾರದ್ದೂ ಅಲ್ಲದ ಕೈ ಎಲ್ಲಿ ನೋಡಿದ್ದೀಯ?”
ಗೋದಾಮಿನ ಮರದ ಅಚ್ಚುಗಳನ್ನು ತೋರಿಸಿದೆ.
“ಅವು ಅಳತೆ,” ಎಂದ. “ಏಳೂವರೆ. ಎಂಟು.”

ಕಣ್ಣು, ಕಿವಿ, ಮೊಣಕಾಲು ಹುಟ್ಟುತ್ತಲೇ ಜೋಡಿ;
ಒಂದೇ ಬೇಕಾದರೆ ‘ಅರ್ಧ’ ಸೇರಿಸಬೇಕು.
ಮೂಗಿಗೆ ಏಳು ವಿಭಕ್ತಿ.
ಹೊಕ್ಕುಳಿಗೆ ಪಂಚಮಿ ಒಂದೇ:
ಇಂದ, ಇಂದ, ಇಂದ.

ನಮ್ಮ ಜಗಳವೆಲ್ಲ ಒಂದು ಚೌಕದ ಮೇಲೆ.
ಒಂಬತ್ತನೆಯ ನೋಟ್‌ಬುಕ್ಕು, ಕೈಯ ಪಟ್ಟಿ,
‘ನಮ್ಮ’ ಎಂಬ ಸಾಲು: ಖಾಲಿ.
ಮನೆ ನಮ್ಮದಿರಬಹುದು, ಸಾಲ ನಮ್ಮದಿರಬಹುದು,
ಒಂದು ಕೈ ಇಬ್ಬರದಾಗುವುದಿಲ್ಲ ಎಂದು ಹಟ.
ಗವಸಿಗೆ ಐದೇ ಬೆರಳು ಕತ್ತರಿಸಿದವನ ಹಟ.

ಫೆಬ್ರವರಿಯಲ್ಲಿ ಎಡಗೈ ಕೈಕೊಟ್ಟಿತು.
ಮೆಚೆಕ್ ಬೆಟ್ಟದ ಕೆಳಗಿನ ಆಸ್ಪತ್ರೆ, ಮೂರನೆಯ ಮಹಡಿ.
ಡಾಕ್ಟರಮ್ಮ ಅದನ್ನು ಎತ್ತಿ ಅವನ ಮುಖದೆದುರು ಹಿಡಿದು
“ಇದು ಯಾರದ್ದು?” ಎಂದರು.
ಬಸ್ಸಿನಲ್ಲಿ ಯಾರೋ ಮರೆತ ಚೀಲ ನೋಡುವ ಹಾಗೆ ನೋಡಿದ.
“ಲುಮ್,” ಎಂದ.

ಬರೀ ಲುಮ್.
ಪ್ರತ್ಯಯ ಕಳಚಿಬಿದ್ದ ಬೇರು,
ತಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು.
ಡಾಕ್ಟರಮ್ಮ ಏನೋ ಬರೆದುಕೊಂಡರು.
ಅದು ವ್ಯಾಕರಣ ದೋಷ ಎಂದು
ಆ ವಾರ್ಡಿನಲ್ಲಿ ತಿಳಿದವಳು ನಾನೊಬ್ಬಳೇ.

ಅವರು ಹೋದ ಮೇಲೆ ಅದನ್ನು ಮಡಿಲಿಗೆ ತಂದುಕೊಂಡೆ.
ತಣ್ಣಗಿತ್ತು, ನೆನೆದ ತೊಗಲಿನ ಭಾರ.
ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಳೆ ಜಡ್ಡು
ಇನ್ನೂ ಇತ್ತು, ಯಾರದೆಂದು ಗೊತ್ತಿಲ್ಲದೆ.
ಮನೆಗೆ ಹಚ್ಚುವ ಬಾಲವನ್ನು
ಇದಕ್ಕೆ ಹಚ್ಚಿ, ಮೆಲ್ಲಗೆ, ಅಂದೆ:
ಲುಮೊರ.

ಬಹಳ ಹೊತ್ತು ಏನೂ ಇಲ್ಲ.
ಕಾರಿಡಾರಿನಲ್ಲಿ ಸೂಪಿನ ಗಾಡಿ ಬಂತು, ಹೋಯಿತು.
ಆಮೇಲೆ, ಸೊಟ್ಟ ಬಾಯಿಯ ನೆಟ್ಟಗಿನ ಅರ್ಧದಿಂದ,
“ಲುಮೋರ,” ಎಂದ.
“ಓ ದೀರ್ಘ.”